ಗಂಡಸರ ಫರ್ಟಿಲಿಟಿ ಮಾತ್ರೆ: ಡಬ್ಬಿಗೆ ಎರಡು ಸ್ಟಾರ್, ಲ್ಯಾಬಿಗೆ ನಾಲ್ಕು

ಡಬ್ಬಿಯ ಮೇಲೆ ಓಡುವ ಕುದುರೆಯ ಚಿತ್ರ ಇದೆ. ಒಳಗೆ ಮೂವತ್ತು ಮಾತ್ರೆ, ಬೆಲೆ ಸಾವಿರದ ಮೇಲೆ. ಕೊಪ್ಪಳದ ಒಂದು ಮೆಡಿಕಲ್ ಶಾಪಿನವರು ಇದನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕಪ್ಪು ಕ್ಯಾರಿಬ್ಯಾಗಿಗೆ ಹಾಕಿ ನಮ್ಮ ಮನೆಯವರ ಕೈಗೆ ಕೊಟ್ಟಿದ್ದರು. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಸಾಮಾನು ಹತ್ತಾರು ಹೆಸರಿನಲ್ಲಿ ಸಿಗುತ್ತದೆ. ಒಂದರ ಮೇಲೆ ಕುದುರೆ, ಇನ್ನೊಂದರ ಮೇಲೆ ಸಿಂಹ, ಅಷ್ಟೇ ವ್ಯತ್ಯಾಸ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಮನೆಯವರು ಗಿಣಿಗೇರಿ ಕಡೆಯ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಕಿಲ್ನ್ ಅಂದರೆ ದೊಡ್ಡ ಕುಲುಮೆಯ ಹತ್ತಿರ ಶಿಫ್ಟ್ ಡ್ಯೂಟಿ. ಮಕ್ಕಳಾಗಲಿಲ್ಲ ಅಂದ ಕೂಡಲೇ ನನ್ನ ರಕ್ತ, ನನ್ನ ಸ್ಕ್ಯಾನ್, ನನ್ನ ಥೈರಾಯ್ಡ್ ಎಲ್ಲಾ ಆದವು. ಹುಲಿಗೆಮ್ಮನಿಗೆ ಉಡಿ ತುಂಬುವ ಹರಕೆಯೂ ನನ್ನ ಹೆಸರಲ್ಲೇ. ಕೊನೆಗೆ ಡಾಕ್ಟರಮ್ಮನೇ, "ಯಜಮಾನರ ರಿಪೋರ್ಟ್ ಎಲ್ಲಿ?" ಎಂದು ಕೇಳಿದರು. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಡೆಯಿಂದಲೂ ಕಾರಣ ಇರುತ್ತದೆ ಎಂದರು. ಮನೆಗೆ ಬಂದು ಹೇಳಿದರೆ ನಮ್ಮ ಅತ್ತೆ, "ಗಂಡಸರಿಗೆ ಎಂಥಾ ಟೆಸ್ಟವ್ವಾ?" ಎಂದರು. ಮರುದಿನ ಈ ಡಬ್ಬಿ ಮನೆಗೆ ಬಂತು.

ನನಗೆ ಕಾಣುವಂತೆ ಈ ಡಬ್ಬಿಯಲ್ಲಿ ಮಾರುವ ಮುಖ್ಯ ಮಾಲು ಮಾತ್ರೆ ಅಲ್ಲವೇ ಅಲ್ಲ. ಲ್ಯಾಬಿಗೆ ಹೋಗಿ ವೀರ್ಯ ಪರೀಕ್ಷೆ ಮಾಡಿಸದೆ ಇರಲು ಒಂದು ನೆಪ. ಐದರಲ್ಲಿ ಎರಡು ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕೇ. ಮೂರನೆಯದನ್ನು ಕಿತ್ತುಕೊಂಡ ಕಾರಣ ಮುಂದೆ ಹೇಳುತ್ತೇನೆ.

ಹಿಂದೆ ಬರೆದದ್ದೆಲ್ಲ ಓದಿದೆ. ಕೋಎನ್‌ಜೈಮ್ ಕ್ಯೂ10, ಎಲ್-ಕಾರ್ನಿಟೈನ್, ಲೈಕೋಪಿನ್, ಜಿಂಕ್, ಸೆಲೆನಿಯಂ, ವಿಟಮಿನ್ ಸಿ ಮತ್ತು ಇ, ಫೋಲಿಕ್ ಆಸಿಡ್. ಮುಂದುಗಡೆ ದೊಡ್ಡಕ್ಷರದಲ್ಲಿ 'ಆಕ್ಸಿಡೇಟಿವ್ ಸ್ಟ್ರೆಸ್ ವಿರುದ್ಧ ಹೋರಾಟ' ಎಂದಿದೆ. ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಔಷಧೀಯ ಬಳಕೆಗಲ್ಲ' ಎಂದೂ ಇದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಎಫ್ಎಸ್ಎಸ್ಎಐನ ಲೈಸೆನ್ಸ್ ನಂಬರ್ ಇರುವ ಇಂಥ ಮಾತ್ರೆ ಕಾನೂನಿನ ಪ್ರಕಾರ ಆಹಾರ ಪೂರಕ. ಕಾಯಿಲೆ ವಾಸಿ ಮಾಡುತ್ತೇನೆ ಎಂದು ಅದು ಹೇಳುವಂತಿಲ್ಲ. ಅದಕ್ಕೇ ಪಾಪ ಕುದುರೆಯ ಕೈಲಿ ಹೇಳಿಸಿದ್ದಾರೆ.

ಹಾಗಂತ ದೊಡ್ಡಕ್ಷರದ ಮಾತು ಸುಳ್ಳಲ್ಲ. ವೀರ್ಯಾಣುವಿನ ಹೊರಪೊರೆಯಲ್ಲಿ ಬಹಳ ಬೇಗ ಕೆಡುವ ಜಾತಿಯ ಕೊಬ್ಬು ಜಾಸ್ತಿ. ಗಾಳಿಗೆ ತೆರೆದಿಟ್ಟ ಶೇಂಗಾ ಎಣ್ಣೆ ಕಮಟು ಹಿಡಿಯುತ್ತದಲ್ವಾ, ರಸಾಯನದ ಲೆಕ್ಕದಲ್ಲಿ ಇಲ್ಲಿ ನಡೆಯುವುದೂ ಅದೇ. ಆಕ್ಸಿಜನ್ನಿನ ಉಗ್ರ ರೂಪಗಳು ಪೊರೆಯನ್ನು ಕೆಡಿಸಿದರೆ ಬಾಲದ ಓಟ ಕುಂಠಿತವಾಗುತ್ತದೆ. ಒಳಗಿನ ಡಿಎನ್ಎ ಎಳೆಯೂ ತುಂಡಾಗಬಹುದು. ಬೇರೆ ಜೀವಕೋಶಗಳಿಗೆ ಇರುವಷ್ಟು ರಿಪೇರಿ ಸಾಮಾನು ಈ ಪುಟ್ಟ ಕೋಶಕ್ಕಿಲ್ಲ. ಆಕ್ಸಿಜನ್ ಜಾಸ್ತಿಯಾದರೆ ವೀರ್ಯಾಣು ಸೋಲುತ್ತದೆ ಎಂದು ಜಾನ್ ಮ್ಯಾಕ್ಲಿಯಾಡ್ ಎಂಬ ವಿಜ್ಞಾನಿ 1943ರಲ್ಲೇ ತೋರಿಸಿದ್ದರು.

ಆದರೆ ಈ ಉಗ್ರ ಆಕ್ಸಿಜನ್ ಎಲ್ಲಿಂದ ಬರುತ್ತಿದೆ? ಡಬ್ಬಿ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ತಂಬಾಕಿನಿಂದ ಬರಬಹುದು, ಬೀಜದ (ವೃಷಣದ) ಸುತ್ತ ರಕ್ತನಾಳ ಉಬ್ಬುವ ವೇರಿಕೋಸೀಲಿನಿಂದ ಬರಬಹುದು, ಬೊಜ್ಜಿನಿಂದ, ಕಾವಿನಿಂದ ಬರಬಹುದು. ಒಳಗೆಲ್ಲೋ ಸೋಂಕು, ಉರಿಯೂತ ಇದ್ದರಂತೂ ಬಿಳಿ ರಕ್ತಕಣಗಳೇ ಅದನ್ನು ರಾಶಿ ರಾಶಿ ಉಗುಳುತ್ತವೆ. ಸೋಂಕನ್ನು ಸುಡಲು ದೇಹ ಹಚ್ಚಿದ ಬೆಂಕಿ ಅದು, ಪಕ್ಕದಲ್ಲಿದ್ದವರನ್ನೂ ಬಿಡುವುದಿಲ್ಲ.

ಡಬ್ಬಿ ಅರ್ಧ ಆಗುವ ಹೊತ್ತಿಗೆ ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಊರಿನ ಲ್ಯಾಬೇ, ದೊಡ್ಡ ಬೋರ್ಡೇನೂ ಇಲ್ಲ. ಇದಕ್ಕೆ ನಾಲ್ಕು ಸ್ಟಾರ್ ಸುಮ್ನೆ ಕೊಟ್ಟಿಲ್ಲ. ಹೆಸರು ಕೂಗುವುದಿಲ್ಲ, ಟೋಕನ್ ನಂಬರ್ ಕರೆಯುತ್ತಾರೆ. ರೂಮಿಗೆ ಒಳಚಿಲಕ ಇದೆ, ಅದು ಬೀಳುತ್ತದೆ ಕೂಡ. ಎಷ್ಟು ದಿನ ಸಂಯಮ ಇತ್ತು ಎಂದು ಮೊದಲೇ ಕೇಳಿದರು. ಎರಡರಿಂದ ಏಳು ದಿನ ಇರಬೇಕು. ಸ್ಯಾಂಪಲ್ ಕೊಟ್ಟ ಹೊತ್ತು, ಮೈಕ್ರೋಸ್ಕೋಪಿನಲ್ಲಿ ನೋಡಿದ ಹೊತ್ತು ಎರಡನ್ನೂ ರಿಪೋರ್ಟಿನಲ್ಲಿ ಬರೆಯುತ್ತಾರೆ. ಇದನ್ನು ಬರೆಯದ ಲ್ಯಾಬಿನ ರಿಪೋರ್ಟನ್ನು ನಾನಂತೂ ನಂಬುವುದಿಲ್ಲ. ಐದನೇ ಸ್ಟಾರ್ ಯಾಕಿಲ್ಲ ಅಂದರೆ, ಆ ರೂಮಿನ ಬಾಗಿಲಿನ ಎದುರಿಗೇ ರಕ್ತ ಕೊಡುವವರ ಬೆಂಚು. ಹೊರಗೆ ಬರುವವರನ್ನು ಇಡೀ ಬೆಂಚೇ ಎದ್ದು ನೋಡುತ್ತದೆ. ನಮ್ಮವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದರು.

ರಿಪೋರ್ಟ್ ಓದುವವರಿಗೆ ಒಂದು ಮಾತು. 'ನಾರ್ಮಲ್ ಆಕಾರ 5%' ಎಂದು ಕಂಡರೆ ಎದೆ ಒಡೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಆಕಾರಕ್ಕೆ ಕೆಳಗಿನ ಗೆರೆಯೇ 4%. ಸಂಖ್ಯೆಗೆ ಒಂದು ಮಿಲಿಗೆ 1.6 ಕೋಟಿ, ಚಲನೆಗೆ 42%. ಈ ಗೆರೆಯ ಕೆಳಗಿದ್ದರೆ ಮಕ್ಕಳಾಗುವುದೇ ಇಲ್ಲ ಅಂತಲೂ ಅಲ್ಲ, ಮೇಲಿದ್ದರೆ ಗ್ಯಾರಂಟಿ ಅಂತಲೂ ಅಲ್ಲ.

ನಮ್ಮವರ ಸಂಖ್ಯೆ ಚೆನ್ನಾಗಿತ್ತು. ಚಲನೆ ಕಡಿಮೆ, ಬಿಳಿ ರಕ್ತಕಣ ಜಾಸ್ತಿ. ಮಿಲಿಗೆ ಹತ್ತು ಲಕ್ಷ ದಾಟಿದರೆ ಅದನ್ನು ಗಮನಿಸಬೇಕು ಎನ್ನುತ್ತಾರೆ, ಇವರದು ದಾಟಿತ್ತು. ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಬರುವ ಯುರಾಲಜಿ ಡಾಕ್ಟರಿಗೆ ತೋರಿಸಿದೆವು. ಅವರು ನಿಲ್ಲಿಸಿ ಕೈಯಿಂದ ಪರೀಕ್ಷೆ ಮಾಡಿದರು, ವೇರಿಕೋಸೀಲ್ ಇಲ್ಲ ಎಂದರು. ಮೂತ್ರದ ಉರಿ ಇದೆಯಾ ಎಂದು ಕೇಳಿದಾಗ ನಮ್ಮವರು, "ಅದು ಬ್ಯಾಸಗಿಗೆ ಇರೋದೇ ಸರ್" ಎಂದುಬಿಟ್ಟರು! ಎಷ್ಟೋ ದಿನದಿಂದ ಇದ್ದದ್ದನ್ನು ನನಗೂ ಹೇಳಿರಲಿಲ್ಲ. ಯಾವ ರೋಗಾಣು ಎಂದು ಬೆಳೆಸಿ ನೋಡುವ ಕಲ್ಚರ್ ಟೆಸ್ಟ್ ಮಾಡಿಸಿ, ಅದರಲ್ಲಿ ಬಂದ ಸೋಂಕಿಗೆ ತಕ್ಕ ಆಂಟಿಬಯೋಟಿಕ್ ಬರೆದರು. ಡಿಎನ್ಎ ತುಂಡಾಗಿದೆಯೇ ಎಂದು ನೋಡುವ ದುಬಾರಿ ಟೆಸ್ಟ್ ಬೇಕಾ ಎಂದು ನಾನೇ ಕೇಳಿದೆ. ಮೊದಲ ಸುತ್ತಿನಲ್ಲೇ ಅದು ಬೇಡ ಎಂದರು.

ಗುಟ್ಕಾ ಬಿಡಿಸಿದ್ದು ಈ ಎಲ್ಲದಕ್ಕಿಂತ ಕಷ್ಟದ ಕೆಲಸ. ಅದರ ಕತೆ ಬರೆದರೆ ಬೇರೆಯೇ ರಿವ್ಯೂ ಆಗುತ್ತದೆ. ಕಿಲ್ನ್ ಕಾವಿನ ಬಗ್ಗೆಯೂ ಡಾಕ್ಟರು ಕೇಳಿದರು. ಬೀಜಗಳು ದೇಹದ ಹೊರಗೆ ಇರುವುದೇ ಎರಡು ಮೂರು ಡಿಗ್ರಿ ತಣ್ಣಗೆ ಇರಲಿ ಎಂದು. ಏಪ್ರಿಲ್ ತಿಂಗಳ ಕೊಪ್ಪಳದಲ್ಲಿ, ಕಿಲ್ನ್ ಪಕ್ಕ, ಬಿಗಿ ಜೀನ್ಸ್ ಹಾಕಿಕೊಂಡು ಎಂಟು ತಾಸು ನಿಂತರೆ ಆ ತಂಪು ಎಲ್ಲಿಂದ ಬರಬೇಕು? ಸೂಪರ್‌ವೈಸರ್ ಹತ್ತಿರ ಮಾತಾಡಿ ಕಂಟ್ರೋಲ್ ರೂಮಿನ ಡ್ಯೂಟಿ ಹಾಕಿಸಿಕೊಂಡರು. ಜೀನ್ಸ್ ಬದಲು ಸಡಿಲ ಕಾಟನ್ ಪ್ಯಾಂಟು ಬಂತು.

ಮಾತ್ರೆ ಮುಂದುವರಿಸಬೇಕಾ ಎಂದರೆ ಡಾಕ್ಟರು ನಕ್ಕರು. ತೆರೆದಿರುವ ಡಬ್ಬಿ ಮುಗಿಸಿ, ಇನ್ನೊಂದು ತರಬೇಡಿ ಎಂದರು. ಮೂರನೇ ಸ್ಟಾರ್ ಹೋದದ್ದು ಇಲ್ಲಿ. 2020ರಲ್ಲಿ ಅಮೆರಿಕದ ಎರಡು ಪ್ರಯೋಗಗಳ ಫಲಿತಾಂಶ ಬಂತು. ಒಂದರಲ್ಲಿ 2,370 ಜೋಡಿಗಳು. ಅರ್ಧ ಗಂಡಸರಿಗೆ ಆರು ತಿಂಗಳು ಜಿಂಕ್ ಮತ್ತು ಫೋಲಿಕ್ ಆಸಿಡ್, ಉಳಿದ ಗಂಡಸರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಮಕ್ಕಳಾದದ್ದು ಮಾತ್ರೆಯವರಲ್ಲಿ 34%, ಹುಸಿ ಮಾತ್ರೆಯವರಲ್ಲಿ 35%. ಹೊಟ್ಟೆ ಕೆಟ್ಟದ್ದು ಮಾತ್ರ ಮಾತ್ರೆಯವರಿಗೆ ಜಾಸ್ತಿ. ಇನ್ನೊಂದು ಪ್ರಯೋಗದಲ್ಲಿ ಹೆಚ್ಚು ಕಡಿಮೆ ನಮ್ಮ ಡಬ್ಬಿಯ ಪಟ್ಟಿಯನ್ನೇ, ಕ್ಯೂ10 ಒಂದು ಬಿಟ್ಟು, ಮೂರು ತಿಂಗಳು ಕೊಟ್ಟು ನೋಡಿದರು. ಚಲನೆಯಲ್ಲಿ, ಡಿಎನ್ಎಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. 2022ರಲ್ಲಿ 90 ಅಧ್ಯಯನಗಳನ್ನು ಒಟ್ಟಿಗೆ ತೂಗಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧಕರ ಬಳಗದ ವಿಮರ್ಶೆ, ಲಾಭ ಇರಬಹುದು, ಆದರೆ ಪುರಾವೆ ದುರ್ಬಲ ಎಂದಿತು. ಅದಕ್ಕೇ ಸೊನ್ನೆ ಕೊಡದೆ ಎರಡು ಸ್ಟಾರ್ ಉಳಿಸಿದ್ದೇನೆ. ಮತ್ತೆ, ಬೇಗ ಫಲ ಬರಲಿ ಎಂದು ದಿನಕ್ಕೆ ಎರಡೆರಡು ನುಂಗುವವರು ಇದ್ದಾರೆ. ಅದು ಬೇಡ. ಮೊಟ್ಟೆಯೊಳಗೆ ನುಗ್ಗಲು ವೀರ್ಯಾಣು ಸಿದ್ಧವಾಗಬೇಕಾದರೆ ಅದೇ ಉಗ್ರ ಆಕ್ಸಿಜನ್ ಚೂರು ಬೇಕು. ಪೂರ್ತಿ ಒರೆಸಿ ಹಾಕಿದರೂ ತೊಂದರೆಯೇ.

ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರುವ ದಾರಿಗೆ ಇನ್ನೊಂದೆರಡು ವಾರ. ಹಾಗಾಗಿ ಮೂರು ತಿಂಗಳು ಬಿಟ್ಟು ಮತ್ತೆ ಅದೇ ಲ್ಯಾಬಿಗೆ ಹೋದೆವು. ಬಿಳಿ ರಕ್ತಕಣ ಇಳಿದಿತ್ತು, ಚಲನೆ ಗೆರೆಯ ಮೇಲೆ ಬಂದಿತ್ತು. ಅಂಗಡಿಯವರು ಸಿಕ್ಕಾಗಲೆಲ್ಲ, "ನಮ್ಮ ಮಾತ್ರೆ ಕೆಲಸ ಮಾಡ್ತಲ್ಲ ಮೇಡಂ" ಎನ್ನುತ್ತಾರೆ. ಆಂಟಿಬಯೋಟಿಕ್, ಗುಟ್ಕಾ, ಡ್ಯೂಟಿ, ಪ್ಯಾಂಟು ಎಲ್ಲವೂ ಒಟ್ಟಿಗೆ ಬದಲಾದ ಮೇಲೆ ಕುದುರೆಯೊಂದಕ್ಕೇ ಹಾರ ಹಾಕಲು ನನಗೆ ಮನಸ್ಸಿಲ್ಲ.

ಗಂಗಾವತಿ, ಕುಷ್ಟಗಿ ಕಡೆಯವರು ಕೊಪ್ಪಳಕ್ಕೆ ಟೆಸ್ಟಿಗೆ ಬರುವುದಾದರೆ ಮನೆಯಲ್ಲೇ ಸ್ಯಾಂಪಲ್ ತೆಗೆದು ಬಸ್ಸಿನಲ್ಲಿ ತರುವ ಯೋಚನೆ ಬಿಡಿ. ಒಂದು ತಾಸಿನೊಳಗೆ ನೋಡಬೇಕು, ಮೈ ಬಿಸಿಯಷ್ಟೇ ಬಿಸಿಯಲ್ಲಿ ಇಟ್ಟಿರಬೇಕು. ಎಣ್ಣೆ, ಕ್ರೀಮು, ಮಾಮೂಲಿ ಕಾಂಡೋಮ್ ಯಾವುದೂ ತಾಗಬಾರದು. ಬೆಳಿಗ್ಗೆ ಬೇಗ ಹೋಗಿ, ಆ ಬೆಂಚು ತುಂಬುವ ಮೊದಲು.