ಎ620 ಬೋರ್ಡಾ, ಬಿ650 ಬೋರ್ಡಾ? ಒಂದು ಬಟನ್‌ಗೆ ಕೊಟ್ಟ ನಾಲ್ಕು ಸಾವಿರ

ಹೊಸ ಗೇಮಿಂಗ್ ಪಿಸಿಗೆ ಯಾವ ಮದರ್‌ಬೋರ್ಡ್ ಅಂತ ಕೇಳುವವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬಿ650. (ಎ620, ಬಿ650 ಎರಡೂ ಎಎಂಡಿ ಪ್ರೊಸೆಸರ್ ಕೂರುವ ಬೋರ್ಡುಗಳ ಚಿಪ್‌ಸೆಟ್, ಅಂದರೆ ಬೋರ್ಡಿನ ಮುಖ್ಯ ಚಿಪ್‌ನ ಹೆಸರು. ಎ620 ಅಗ್ಗದ್ದು.) ಅದರಲ್ಲೂ ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬಿ650. ಬಯೋಸ್ ಅಂದರೆ ಪಿಸಿ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್; ಪ್ರೊಸೆಸರ್ ಇಲ್ಲದೆಯೂ ಅದನ್ನು ಹೊಸದು ಮಾಡುವುದು ಈ ಬಟನ್. ಬೆಂಗಳೂರಿನಲ್ಲಿ ನನ್ನ ಪಿಸಿಯೊಳಗೆ ಇರುವುದು ಅದೇ. ಎ620 ಹಾಕಿಸಿದ್ದು ರಾಯಚೂರಿನಲ್ಲಿರುವ ಚಿಕ್ಕಪ್ಪನ ಮಗನ ಪಿಸಿಗೆ. ಎರಡಕ್ಕೂ ಪ್ರೊಸೆಸರ್ ರೈಝೆನ್ 5 9600ಎಕ್ಸ್, ರ‍್ಯಾಮ್ ಕೂಡ ಒಂದೇ ತರಹದ್ದು. ಹಾಗಾಗಿ ಹೋಲಿಸಲು ಸುಲಭವಾಯಿತು.

ಆಟದಲ್ಲಿ ವ್ಯತ್ಯಾಸ ಇದೆಯಾ? ಇಲ್ಲ. ಎರಡು ಬೋರ್ಡಿನಲ್ಲೂ ಗ್ರಾಫಿಕ್ಸ್ ಕಾರ್ಡಿಗೆ ಪಿಸಿಐಇ 4.0 ಸ್ಲಾಟ್ ಇದೆ. ನನ್ನ ಕಾರ್ಡನ್ನೇ ಎರಡಕ್ಕೂ ಹಾಕಿ ನೋಡಿದೆ, ಎಫ್‌ಪಿಎಸ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ ಲೆಕ್ಕ) ಹೆಚ್ಚುಕಡಿಮೆ ಅಷ್ಟೇ. ದುಬಾರಿ ಬೋರ್ಡ್ ಹಾಕಿದರೆ ಗೇಮ್ ಜೋರಾಗಿ ಓಡುತ್ತದೆ ಅಂತ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ ಮುಂದಿನ ಅಂಗಡಿಗೆ ಹೋಗಿ.

ತೊಂದರೆ ಕೊಟ್ಟಿದ್ದು ಬೇರೆಯೇ. ಎ620 ಚಿಪ್‌ಸೆಟ್ ಬಂದಿದ್ದು 2023ರ ಏಪ್ರಿಲ್‌ನಲ್ಲಿ, ರೈಝೆನ್ 9000 ಬಂದಿದ್ದು 2024ರ ಆಗಸ್ಟ್‌ನಲ್ಲಿ. ಎರಡಕ್ಕೂ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಎಎಂ5 ಒಂದೇ, ಪ್ರೊಸೆಸರ್ ಸಲೀಸಾಗಿ ಕೂರುತ್ತದೆ. ಆದರೆ ಬೋರ್ಡ್ ಹಳೆಯ ಸ್ಟಾಕ್ ಆಗಿದ್ದರೆ ಅದರೊಳಗಿನ ಬಯೋಸ್‌ಗೆ ಈ ಪ್ರೊಸೆಸರ್‌ನ ಗುರುತೇ ಇರುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ್ದು ಅಂಥದ್ದೇ. ಮಾರಿದವರು ‘ರೈಝೆನ್ 9000 ಸಪೋರ್ಟ್’ ಅಂತ ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದ್ದರು. ಯಾವ ಬಯೋಸ್‌ನಿಂದ ಸಪೋರ್ಟ್ ಅನ್ನುವ ಮಾತೇ ಇರಲಿಲ್ಲ.

ಪಿಸಿ ಜೋಡಿಸಿ ಮುಗಿಸಿದ ಚಿಕ್ಕಪ್ಪನ ಮಗ ಫೋನ್ ಮಾಡಿದ. “ಅಣ್ಣಾ, ಫ್ಯಾನ್ ತಿರಗಾಕತ್ಯಾವ, ಡಿಸ್‌ಪ್ಲೇ ಬರವಲ್ದು.”

ಕಾಯಿ ಅಂದೆ. ಎಎಂ5ನಲ್ಲಿ ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ರ‍್ಯಾಮ್ ಅನ್ನು ಅಳೆದು ಹೊಂದಿಸಿಕೊಳ್ಳುತ್ತದೆ, ಅದಕ್ಕೆ ಕೆಲವು ನಿಮಿಷ ಬೇಕು. ಎಷ್ಟೋ ಜನ ಆ ಹೊತ್ತಿನಲ್ಲೇ ಗಾಬರಿಯಾಗಿ ಪವರ್ ತೆಗೆಯುತ್ತಾರೆ. ಅವನು ಊಟ ಮಾಡಿ ಬಂದರೂ ಪರದೆ ಕಪ್ಪಗೇ ಇತ್ತು. ಗ್ರಾಫಿಕ್ಸ್ ಕಾರ್ಡ್ ತೆಗೆದು ಕೇಬಲ್ ಬೋರ್ಡಿಗೇ ಚುಚ್ಚಿಸಿದೆ, ಯಾಕೆಂದರೆ ಈ ಪ್ರೊಸೆಸರ್‌ನಲ್ಲಿ ಸಣ್ಣದೊಂದು ಗ್ರಾಫಿಕ್ಸ್ ಇದ್ದೇ ಇದೆ. ಬರಲಿಲ್ಲ. ಒಂದೇ ರ‍್ಯಾಮ್ ಹಾಕಿಸಿದೆ, ಬರಲಿಲ್ಲ. ಬಯೋಸ್ ಸೆಟ್ಟಿಂಗ್ ಉಳಿಸುವ ಸಿಮಾಸ್ ಬ್ಯಾಟರಿ ತೆಗೆಸಿ ಮತ್ತೆ ಹಾಕಿಸಿದೆ, ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಬೋರ್ಡಿನ ಮೇಲೆ ಅಂಟಿಸಿದ್ದ ಬೆರಳುಗುರಿನಷ್ಟು ಸ್ಟಿಕ್ಕರ್‌ನ ಫೋಟೋ ಕಳಿಸು ಅಂದೆ. ಅದರಲ್ಲಿದ್ದ ಬಯೋಸ್ ವರ್ಷನ್ ನೋಡಿ, ಕಂಪನಿಯ ಸಪೋರ್ಟ್ ಪಟ್ಟಿಯ ಪಕ್ಕ ಇಟ್ಟು ನೋಡಿದೆ. 9600ಎಕ್ಸ್‌ಗೆ ಬೇಕಿದ್ದ ವರ್ಷನ್ ಅದಕ್ಕಿಂತ ಎಷ್ಟೋ ಮುಂದಿನದು.

ಬಯೋಸ್ ಹೊಸದು ಮಾಡಬೇಕು ಅಂದರೆ ಪಿಸಿ ಆನ್ ಆಗಬೇಕು. ಪಿಸಿ ಆನ್ ಆಗಬೇಕು ಅಂದರೆ ಹೊಸ ಬಯೋಸ್ ಬೇಕು! ಇದರಿಂದ ಹೊರಬರಲು ಸಾಮಾನ್ಯವಾಗಿ ಎರಡು ದಾರಿ. ಒಂದು, ಫ್ಲ್ಯಾಶ್‌ಬ್ಯಾಕ್ ಬಟನ್. ಆ ಬೋರ್ಡಿನಲ್ಲಿ ಅದಿಲ್ಲ. ಇನ್ನೊಂದು, ರೈಝೆನ್ 7000 ಸರಣಿಯ ಹಳೆಯ ಪ್ರೊಸೆಸರ್ ಹಾಕಿ ಅಪ್‌ಡೇಟ್ ಮಾಡಿ, ಆಮೇಲೆ ಹೊಸದನ್ನು ಕೂರಿಸುವುದು. ಅವನಿಗೆ ಪರಿಚಯದ ಅಂಗಡಿಗಳಲ್ಲಿ ಅಂಥದ್ದು ಕೈಗೆ ಸಿಗಲಿಲ್ಲ. ಬೋರ್ಡ್ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಆಗಿ ನನ್ನ ಹತ್ತಿರ ಬಂತು. ಎಸ್‌ಪಿ ರೋಡಿನ ಅಂಗಡಿಯೊಂದರಲ್ಲಿ ದುಡ್ಡು ತಗೊಂಡು ಹಳೆಯ ಚಿಪ್ ಹಾಕಿ ಮಾಡಿಕೊಟ್ಟರು. ಕೆಲಸ ಚಿಕ್ಕದು. ಆದರೆ ಎಎಂ5ನಲ್ಲಿ ಪಿನ್‌ಗಳು ಇರುವುದು ಬೋರ್ಡಿನ ಸಾಕೆಟ್ ಒಳಗೆ, ಕೂದಲಿನಷ್ಟು ಸಣ್ಣ. ಚಿಪ್ ತೆಗೆದು ಹಾಕುವಾಗಲೆಲ್ಲ ನನಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಪಿನ್ ಬಾಗಿದರೆ ವಾರಂಟಿಯೂ ಹೋಯಿತು ಅಂತಲೇ ಲೆಕ್ಕ. ಅಂದಹಾಗೆ, ಸಾಕೆಟ್ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ. ಬೋರ್ಡ್ ವಾಪಸ್ ಕಳಿಸುವಾಗ ಅದು ಬೇಕೇ ಬೇಕು.

ನನ್ನ ಬಿ650 ಕೂಡ ಹಳೆಯ ಬಯೋಸ್‌ನಲ್ಲೇ ಬಂದಿತ್ತು. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯೋಸ್ ಫೈಲಿಗೆ ಕಂಪನಿ ಹೇಳಿದ ಹೆಸರಿಟ್ಟು, ಹಿಂಬದಿಯಲ್ಲಿ ಗುರುತು ಹಾಕಿರುವ ಯುಎಸ್‌ಬಿ ಪೋರ್ಟಿಗೆ ಚುಚ್ಚಿದೆ. ಎಸ್‌ಎಂಪಿಎಸ್‌ನಿಂದ (ಪವರ್ ಸಪ್ಲೈ) 24 ಪಿನ್ ಮತ್ತು 8 ಪಿನ್ ಕೇಬಲ್ ಕೊಟ್ಟು ಬಟನ್ ಒತ್ತಿದೆ. ಪ್ರೊಸೆಸರ್ ಇಲ್ಲ, ರ‍್ಯಾಮ್ ಇಲ್ಲ, ಬೋರ್ಡ್ ಅದರ ಡಬ್ಬದ ಮೇಲೇ ಮಲಗಿತ್ತು. ಪಕ್ಕದ ದೀಪ ಮಿನುಗಿ ಮಿನುಗಿ ನಿಂತಾಗ ಕೆಲಸ ಮುಗಿದಿತ್ತು. ಆ ಹೊತ್ತಿನಲ್ಲಿ ಕರೆಂಟ್ ಮಾತ್ರ ಹೋಗಬಾರದು, ಯುಪಿಎಸ್‌ಗೆ ಹಾಕಿಕೊಂಡೇ ಮಾಡಿ.

ಬೆಲೆ: ನಾವು ಕೊಂಡಾಗ ಎ620ಗೆ ಒಂಬತ್ತು ಸಾವಿರದ ಆಸುಪಾಸು, ಬಿ650ಗೆ ಹದಿಮೂರು. ಆ ನಾಲ್ಕು ಸಾವಿರದಲ್ಲಿ ಬಟನ್ ಜೊತೆಗೆ ಎಸ್‌ಎಸ್‌ಡಿ ಕೂರಿಸಲು ಇನ್ನೊಂದು ಎಂ.2 ಸ್ಲಾಟ್, ಹಿಂದೆ ಇನ್ನಷ್ಟು ಯುಎಸ್‌ಬಿ, ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಹೊಂದಿಸಿ ಕೊಡುವ ಭಾಗ) ಮೇಲೆ ಬಿಸಿ ಹೊರಹಾಕುವ ಹೀಟ್‌ಸಿಂಕ್ ಬಂತು. ಹೀಟ್‌ಸಿಂಕ್ ವಿಷಯ ರಾಯಚೂರಿನವನಿಗೆ ನನಗಿಂತ ಜಾಸ್ತಿ ಮುಖ್ಯ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ, ರೂಮಿನಲ್ಲಿ ಇರುವುದು ಸೀಲಿಂಗ್ ಫ್ಯಾನ್. 9600ಎಕ್ಸ್ 65 ವ್ಯಾಟಿನದ್ದು, ಹೇಗೋ ನಡೆಯುತ್ತಿದೆ. ಮುಂದೆ 120 ವ್ಯಾಟಿನ 9800ಎಕ್ಸ್3ಡಿ ಹಾಕುತ್ತೇನೆ ಅಂದರೆ ಆ ಬರೀ ಮೈಯ ವಿಆರ್‌ಎಂ ಮೇಲೆ ನನಗೆ ನಂಬಿಕೆ ಇಲ್ಲ.

ನಾಲ್ಕು ರ‍್ಯಾಮ್ ಸ್ಲಾಟ್ ಇದೆ ಅಂತ ಬಿ650 ತಗೊಳ್ಳಬೇಡಿ. ನಾಲ್ಕೂ ತುಂಬಿಸಿದರೆ ಎಎಂಡಿ ಭರವಸೆ ಕೊಡುವ ವೇಗ 3600ಕ್ಕೆ ಇಳಿಯುತ್ತದೆ. ಎರಡೇ ಹಾಕಿ, 6000ದಲ್ಲಿ ಓಡಿಸಿ.

ವೈಫೈ ಬೋರ್ಡ್ ನನಗೆ ಬೇಡವಾಗಿತ್ತು. ರೌಟರ್ ಮೇಜಿನ ಪಕ್ಕದಲ್ಲೇ ಇದೆ.

ಇನ್ನು ಗೆಳೆಯನ ಬಿ760, ಇದು ಇಂಟೆಲ್ ಪ್ರೊಸೆಸರ್‌ನ ಬೋರ್ಡ್. ಅವನ ಹತ್ತಿರ ಹಳೆಯ ಪಿಸಿಯ 32 ಜಿಬಿ ಡಿಡಿಆರ್4 (ಹಿಂದಿನ ತಲೆಮಾರಿನ ರ‍್ಯಾಮ್) ಇತ್ತು. ಡಿಡಿಆರ್4 ಸ್ಲಾಟಿನ ಬಿ760 ಬೋರ್ಡ್, 12400ಎಫ್ ಹಾಕಿಕೊಂಡ. 2025ರ ಕೊನೆಗೆ ರ‍್ಯಾಮ್ ಬೆಲೆ ಏರಿದ್ದು ನೋಡಿದರೆ ಅವನ ಲೆಕ್ಕ ಸರಿಯಾಗೇ ಇದೆ. ಆದರೆ ಆ ಸಾಕೆಟ್ 14ನೇ ಜನರೇಷನ್‌ಗೇ ಮುಗಿಯಿತು, ಕೋರ್ ಅಲ್ಟ್ರಾ 200ಕ್ಕೆ ಬೇರೆಯೇ ಸಾಕೆಟ್. ಎಎಂಡಿ ಎಎಂ5 ಅನ್ನು ಕನಿಷ್ಠ 2027ರವರೆಗೆ ನಡೆಸುತ್ತೇವೆ ಅಂದಿದೆ. ಹಿಂದಿನ ಸಾಕೆಟ್ ಎಎಂ4ಗೆ ಮಾತು ಉಳಿಸಿಕೊಂಡವರು, 2017ರ ಬೋರ್ಡಿಗೂ 5000 ಸರಣಿ ಹಾಕಲು ಬಿಟ್ಟರು. ನಾನು ಬೋರ್ಡ್ ಒಮ್ಮೆ ಕೊಂಡು ಪ್ರೊಸೆಸರ್ ಮಾತ್ರ ಬದಲಿಸುವ ಜಾತಿ, ನನಗೆ ಅದೇ ದೊಡ್ಡದು.

ಬಜೆಟ್ ನಿಜಕ್ಕೂ ಬಿಗಿ ಇದ್ದು, ಆ ನಾಲ್ಕು ಸಾವಿರ ಇಲ್ಲದಿದ್ದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೈತಪ್ಪುತ್ತದೆ ಅಂದರೆ ಎ620 ತಗೊಳ್ಳಿ. ಜೊತೆಗೆ ರೈಝೆನ್ 7600 ಹಾಕಿ, ಇಷ್ಟು ರಗಳೆ ಇಲ್ಲ. 9000 ಸರಣಿಯೇ ಬೇಕಾದರೆ ಡಬ್ಬದ ಮೇಲೆ ‘ರೈಝೆನ್ 9000 ರೆಡಿ’ ಸ್ಟಿಕ್ಕರ್ ಇರುವುದನ್ನೇ ಕೇಳಿ. ಫ್ಲ್ಯಾಶ್‌ಬ್ಯಾಕ್ ಕೆಲವು ಎ620ಗಳಲ್ಲೂ ಇದೆ, ಕೆಲವು ಬಿ650ಗಳಲ್ಲಿ ಇಲ್ಲ. ಚಿಪ್‌ಸೆಟ್ ಹೆಸರು ಬಿಟ್ಟು, ಹಿಂಬದಿಯ ಫೋಟೋ ದೊಡ್ಡದು ಮಾಡಿ ಆ ಬಟನ್ ಇದೆಯಾ ನೋಡಿ ದುಡ್ಡು ಕೊಡಿ.