ಬುತ್ತಿ ಕಟ್ಕೊಂಡು ಬರುವ ಆ್ಯಪ್ ಬೇಕಾ, ಸಿಸ್ಟಂ ಪ್ಯಾಕೇಜ್ ಸಾಕಾ?

ಮಡಿಕೇರಿಯಲ್ಲಿ ಜುಲೈ ಮಳೆ ಹಿಡಿದರೆ ನೆಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಕಾಫಿ ತೋಟದ ಲೆಕ್ಕಕ್ಕೆ ಲಿನಕ್ಸ್ ಲ್ಯಾಪ್‌ಟಾಪ್ ಇಟ್ಟುಕೊಂಡವರು ಆ್ಯಪ್ ಹಾಕುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಾರಿ ಎರಡು: ತನಗೆ ಬೇಕಾದ ಲೈಬ್ರರಿಗಳನ್ನು (ಆ್ಯಪ್‌ಗಳು ಬಳಸುವ ಸಿದ್ಧ ಕೋಡ್) ತಾನೇ ಬುತ್ತಿಯಂತೆ ಕಟ್ಟಿಕೊಂಡು ಬರುವ ಆ್ಯಪ್, ಇಲ್ಲವೇ ಲಿನಕ್ಸ್‌ನ ಸ್ವಂತ ಭಂಡಾರದಿಂದ ಬರುವ ಸಿಸ್ಟಂ ಪ್ಯಾಕೇಜ್.

ನೆಟ್ ಇಲ್ಲದ ಕಡೆ ಆ್ಯಪ್‌ಇಮೇಜ್ (ಒಂದೇ ಫೈಲ್‌ನಲ್ಲಿ ಬರುವ ಬುತ್ತಿ ಆ್ಯಪ್) ಆರಾಮ. ಬೇಕಾದ ಲೈಬ್ರರಿಗಳು ಬಹುಪಾಲು ಒಳಗೇ ಇರುತ್ತವೆ. ಪೇಟೆಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದರೆ ಆಯ್ತು. ಆದರೆ ಬುತ್ತಿ ಪೂರ್ತಿ ಇರುತ್ತದೆ ಅಂತ ನಂಬಬೇಡಿ. ಉಬುಂಟು ಎಂಬ ಲಿನಕ್ಸ್‌ನ 22.04 ವರ್ಷನ್‌ನಲ್ಲಿ ಎಷ್ಟೋ ಆ್ಯಪ್‌ಇಮೇಜ್‌ಗಳು 'ಲಿಬ್‌ಫ್ಯೂಸ್2' ಎಂಬ ಲೈಬ್ರರಿ ಇಲ್ಲದೆ ಏಳುವುದೇ ಇಲ್ಲ. ಅದನ್ನು ತರಲು ಮತ್ತೆ ನೆಟ್ ಬೇಕು! ಫ್ಲಾಟ್‌ಪ್ಯಾಕ್ (ಬುತ್ತಿಯ ಇನ್ನೊಂದು ಬಗೆ) ಆದರೆ ಮೊದಲ ಆ್ಯಪ್ ಜೊತೆಗೇ ನೂರಾರು ಎಂಬಿ ರನ್‌ಟೈಮ್ (ಲೈಬ್ರರಿಗಳ ಕಟ್ಟು) ಇಳಿಯುತ್ತದೆ.

ಸಿಸ್ಟಂ ಪ್ಯಾಕೇಜ್ ತರುವ 'ಆ್ಯಪ್ಟ್'ನಿಂದ ಹಾಕಿದರೆ ಒಂದೇ ಲೈಬ್ರರಿಯನ್ನು ಎಲ್ಲ ಆ್ಯಪ್‌ಗಳೂ ಹಂಚಿಕೊಳ್ಳುತ್ತವೆ. ಜಾಗ ಉಳಿಯುತ್ತದೆ. ವರ್ಷನ್ ಮಾತ್ರ ಹಳೆಯದು. ಉದಾಹರಣೆಗೆ ಡೆಬಿಯನ್ ಎಂಬ ಲಿನಕ್ಸ್‌ನ ಸ್ಟೇಬಲ್ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ.

ನಿಜವಾದ ವ್ಯತ್ಯಾಸ ಗೊತ್ತಾಗುವುದು ಲೈಬ್ರರಿಯ ಭದ್ರತೆಯಲ್ಲಿ ತೂತು ಬಿದ್ದಾಗ. 2014ರಲ್ಲಿ ನೆಟ್‌ನ ಮಾತುಕತೆಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಸಿಕ್ಕಿತಲ್ವಾ? ಸಿಸ್ಟಂ ಲೈಬ್ರರಿ ಬಳಸಿದವರು ಒಂದು ಅಪ್‌ಡೇಟ್ ಹಾಕಿ, ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಿದರೆ ತೂತು ಮುಚ್ಚಿತು. 2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ಎಂಬ ತೂತು ಬಂದಾಗ ಕಥೆಯೇ ಬೇರೆ. ತೂತು ಬಿದ್ದ ಲಾಗ್4ಜೆ ಲೈಬ್ರರಿ ಎಷ್ಟೋ ಕಡೆ ಒಂದು ಜಾರ್ ಫೈಲ್ (ಜಾವಾ ಆ್ಯಪ್‌ನ ಕಟ್ಟು) ಒಳಗಿನ ಇನ್ನೊಂದು ಜಾರ್‌ನಲ್ಲಿ ಅಡಗಿ ಕೂತಿತ್ತು. ಎಲ್ಲೆಲ್ಲಿದೆ ಅಂತ ಹುಡುಕುವುದೇ ದೊಡ್ಡ ಕೆಲಸ. ಪ್ರತಿ ಆ್ಯಪ್ ಮಾಡಿದವರೂ ಬೇರೆ ಬೇರೆ ಅಪ್‌ಡೇಟ್ ಕೊಡಬೇಕಾಯಿತು.

ನನ್ನನ್ನು ಕೇಳಿದರೆ ಡೇಟಾಬೇಸ್, ಸರ್ವರ್ ಎಲ್ಲ ಆ್ಯಪ್ಟ್‌ನಿಂದಲೇ ಇರಲಿ. ಹೊಸ ವರ್ಷನ್ ಬೇಕೇ ಬೇಕು ಅನ್ನುವ ಒಂದೆರಡಕ್ಕೆ ಮಾತ್ರ ಬುತ್ತಿ. ಅದೂ ಕಳೆದ ಆರು ತಿಂಗಳಲ್ಲಿ ಅಪ್‌ಡೇಟ್ ಬಂದಿದೆಯಾ ನೋಡಿಕೊಂಡು.