ಅಭ್ಯಂಗ, ಆಕ್ಯುಪ್ರೆಶರ್, ಯೋಗ: ನಿವೃತ್ತ ನರ್ಸ್ ಒಬ್ಬಳು ಕಲಿತು ನೋಡಿದ್ದು

ಮೂವತ್ತೊಂದು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು ಅರವತ್ತಕ್ಕೆ ನಿವೃತ್ತಳಾದ ಮೇಲೆ, ಸುಮ್ಮನೆ ಕೂರಲು ಮನಸ್ಸಾಗದೆ, ಕಲಬುರಗಿಯಲ್ಲೇ ಇದ್ದುಕೊಂಡು ಎರಡು ವರ್ಷಗಳಲ್ಲಿ ಮೂರು ಪೂರಕ ಚಿಕಿತ್ಸೆಗಳ ತರಬೇತಿ ಪಡೆದೆ. ಈಗ ನಿವೃತ್ತಿಯ ಅಂಚಿನಲ್ಲಿರುವ ಸಹೋದ್ಯೋಗಿಗಳು ಯಾವುದಕ್ಕೆ ಹಣ ಕಟ್ಟಬೇಕೆಂದು ಕೇಳುತ್ತಾರೆ. ಶುಲ್ಕಕ್ಕಿಂತ ಮೊದಲು ನಾನು ನೋಡುವುದು ಬೇರೆ: ಯಾರನ್ನು ಮುಟ್ಟಬಾರದು ಎಂಬುದನ್ನು ಆ ತರಬೇತಿ ಎಷ್ಟು ಹೊತ್ತು ಕಲಿಸುತ್ತದೆ?

ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅಭ್ಯಂಗ. ಆಯುರ್ವೇದದಲ್ಲಿ ಅದು ಬರೀ ಎಣ್ಣೆ ಮಾಲೀಶು ಅಲ್ಲ. ಪಂಚಕರ್ಮಕ್ಕೆ, ಅಂದರೆ ದೇಹಶುದ್ಧಿಯ ಐದು ಚಿಕಿತ್ಸೆಗಳಿಗೆ, ದೇಹವನ್ನು ಸಿದ್ಧಪಡಿಸುವ ಪೂರ್ವಕರ್ಮದಲ್ಲಿ ಸ್ನೇಹನದ, ಅಂದರೆ ಜಿಡ್ಡು ಹಿಡಿಸುವ ಕ್ರಮದ, ಭಾಗವಾಗಿ ಬರುತ್ತದೆ, ಅದರ ಬೆನ್ನಿಗೆ ಸ್ವೇದನ, ಅಂದರೆ ಬೆವರಿಸುವ ಕ್ರಮ, ನಡೆಯುತ್ತದೆ. ಯಾವ ತೈಲ, ಎಷ್ಟು ಹೊತ್ತು, ಎಷ್ಟು ದಿನ ಎಂಬುದನ್ನು ವೈದ್ಯರು ಬರೆದುಕೊಡುತ್ತಾರೆ. ಕೇಸ್ ಶೀಟ್ ನೋಡದೆ ಒಂದು ಮಾತ್ರೆಯನ್ನೂ ಕೊಡದವಳಿಗೆ ಈ ಶಿಸ್ತು ಪರಿಚಿತವೆನಿಸಿತು. ಕೈಕಾಲುಗಳ ಉದ್ದಕ್ಕೂ ನೀಳವಾಗಿ, ಕೀಲುಗಳ ಮೇಲೆ ವರ್ತುಲವಾಗಿ, ಎರಡೂ ಬದಿಗೆ ನಿಂತ ಇಬ್ಬರ ಕೈಗಳು ಒಂದೇ ಲಯದಲ್ಲಿ ಸಾಗಬೇಕು. ಅದನ್ನು ಕಲಿಯಲು ನನಗೆ ಮೂರು ವಾರ ಬೇಕಾಯಿತು. ಜ್ವರವಿದ್ದಾಗ, ಅಜೀರ್ಣವಾದಾಗ ಅಭ್ಯಂಗ ಬೇಡವೆಂದು ಮೊದಲ ದಿನವೇ ಹೇಳಿದರು. ಒಬ್ಬರ ಒಂದೇ ಮೀನಖಂಡ ಊದಿ ಬಿಸಿಯಾಗಿದ್ದನ್ನು ನಾನು ತೋರಿಸಿದಾಗ, ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಆ ಗಡ್ಡೆ ಕಿತ್ತು ಶ್ವಾಸಕೋಶ ಸೇರಬಹುದು ಎಂಬ ನನ್ನ ಆತಂಕವನ್ನು ವೈದ್ಯರು ಒಪ್ಪಿ, ಅವರನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಿದರು.

ಆದರೂ ಅಭ್ಯಂಗ ನನಗೆ ಒದಗಲಿಲ್ಲ. ದಿನಕ್ಕೆ ನಾಲ್ವರಿಗೆ ಮಾಡಿದರೆ ಸಂಜೆ ಹೆಬ್ಬೆರಳಿನ ಬುಡ ಹಿಡಿದುಕೊಂಡು ರೊಟ್ಟಿ ಬಡಿಯಲೂ ಆಗುತ್ತಿರಲಿಲ್ಲ. ಹೊರಗೆ ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್‌ನಲ್ಲಿ ಒಳಗೆ ಉಗಿಪೆಟ್ಟಿಗೆಯ ಪಕ್ಕ ನಿಲ್ಲುವುದು ಅರವತ್ತು ದಾಟಿದವರ ಕೆಲಸವಲ್ಲ. ಮೇಲಾಗಿ, ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇದೆಯೆಂದು ನಾನೇ ಆಯುರ್ವೇದದ ಔಷಧಿ ಬರೆಯುವ ಹಾಗಿಲ್ಲ. ಆಯುರ್ವೇದ ವೈದ್ಯರ ಕೈಕೆಳಗೆ ಮಾತ್ರ ಈ ವಿದ್ಯೆಗೆ ಬೆಲೆ.

ಮೈಮೇಲಿನ ಗೊತ್ತಾದ ಬಿಂದುಗಳನ್ನು ಒತ್ತುವ ಆಕ್ಯುಪ್ರೆಶರ್ ಅಗ್ಗ, ಎಂಟು ಭಾನುವಾರಗಳಲ್ಲಿ ಮುಗಿಯಿತು. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವಿನ ಬಿಂದು ಒಂದನ್ನು ಅಲ್ಲಿ ಕಲಿತದ್ದು ಉಪಯೋಗಕ್ಕೆ ಬಂದಿದೆ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಯ ವಿಷಯದಲ್ಲಿ ಅದರ ಮೇಲೆ ಸಾಕಷ್ಟು ಅಧ್ಯಯನಗಳೂ ನಡೆದಿವೆ. ಅಂಗಾಲಿನ ಒಂದೊಂದು ಜಾಗಕ್ಕೂ ದೇಹದ ಒಂದೊಂದು ಅಂಗವನ್ನು ಜೋಡಿಸುವ ಪಾದದ ನಕ್ಷೆಯ ಬಗ್ಗೆ ಮಾತ್ರ ನನಗೆ ನಂಬಿಕೆ ಹುಟ್ಟಲಿಲ್ಲ. ಅದು ಪ್ರಾಚೀನವೆಂದು ತರಗತಿಯಲ್ಲಿ ಹೇಳಿದರು. ಈಗ ಚಾಲ್ತಿಯಲ್ಲಿರುವ ನಕ್ಷೆಯನ್ನು ರೂಪಿಸಿದವರು 1930ರ ದಶಕದ ಅಮೆರಿಕದ ಯೂನಿಸ್ ಇಂಗಮ್. ಅಂಗಾಲಿನ ಇಂಥ ಜಾಗ ಒತ್ತಿದರೆ ಯಕೃತ್ತಿಗೆ ತಲುಪುತ್ತದೆ ಎಂಬುದಕ್ಕೆ ನಾನು ಓದಿದ ಅಂಗರಚನಾ ಶಾಸ್ತ್ರದಲ್ಲಿ ದಾರಿಯಿಲ್ಲ, ಒತ್ತಿಸಿಕೊಂಡವರಿಗೆ ಹಿತವಾಗುವುದು ನಿಜವಾದರೂ.

ಅಭ್ಯಾಸಕ್ಕೆ ಬಂದಿದ್ದ ಒಬ್ಬ ತಾಯಿ, “ಸಿಸ್ಟರ್, ಪಾದ ಉರೀಲಾಕತ್ಯಾವ್ರಿ, ಜರಾ ಜೋರಲೇ ಒತ್ರಿ” ಎಂದರು. ವಿಚಾರಿಸಿದರೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಹಿಮ್ಮಡಿಯಲ್ಲಿ ಅವರಿಗೇ ಗೊತ್ತಿಲ್ಲದ ಬಿರುಕು, ಅದರೊಳಗೆ ಕೀವು. ಸ್ಪರ್ಶಜ್ಞಾನ ಕುಂದಿದ ಪಾದವನ್ನು ಮರದ ಕಡ್ಡಿಯಿಂದ ಒತ್ತಬಾರದೆಂದು ಆ ಎಂಟು ಭಾನುವಾರಗಳಲ್ಲಿ ಯಾರೂ ಹೇಳಿರಲಿಲ್ಲ. ಪ್ರಮಾಣಪತ್ರದ ದಿನ ನಮ್ಮ ಶಿಕ್ಷಕರು ಬೋರ್ಡಿನ ಮೇಲೆ “ಸಕ್ಕರೆ ಕಾಯಿಲೆ ಗುಣವಾಗುತ್ತದೆ” ಎಂದು ಬರೆಸಿಕೊಳ್ಳಲು ಸಲಹೆ ಕೊಟ್ಟರು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಮಧುಮೇಹ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದು ಅಪರಾಧ. ಆ ಪ್ರಮಾಣಪತ್ರ ಕಪಾಟಿನಲ್ಲಿದೆ.

ಯೋಗವನ್ನು ಕೊನೆಗೆ, ಹೆಚ್ಚು ಉತ್ಸಾಹವಿಲ್ಲದೆಯೇ ಹಿಡಿದೆ. ಆಯುಷ್ ಸಚಿವಾಲಯದಡಿಯ ಯೋಗ ಸರ್ಟಿಫಿಕೇಶನ್ ಬೋರ್ಡ್‌ನ ಪ್ರೋಟೋಕಾಲ್ ಇನ್‌ಸ್ಟ್ರಕ್ಟರ್ ಹಂತಕ್ಕೆ 200 ಗಂಟೆಗಳ ಪಠ್ಯವಿದೆ, ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳಿವೆ. ಸಂಸ್ಕೃತದ ಹೆಸರುಗಳನ್ನು ಬಾಯಿಪಾಠ ಮಾಡುವುದು ಬೇಸರ ತಂದಿತು. ಪದ್ಮಾಸನ ನನಗೆ ಇಂದಿಗೂ ಬರುವುದಿಲ್ಲ. ಆದರೆ ರಕ್ತದೊತ್ತಡ ಹೆಚ್ಚಿದ್ದವರಿಗೆ ಉಸಿರನ್ನು ರಭಸದಿಂದ ಹೊರದಬ್ಬುವ ಕಪಾಲಭಾತಿ ಏಕೆ ಬೇಡ, ಗ್ಲುಕೋಮಾ ಎಂಬ ಕಣ್ಣಿನ ಒತ್ತಡದ ಕಾಯಿಲೆ ಇದ್ದವರು ತಲೆಕೆಳಗಾಗಿ ನಿಲ್ಲುವ ಆಸನಗಳನ್ನು ಏಕೆ ಬಿಡಬೇಕು ಎಂಬುದನ್ನು ಪ್ರತಿಯೊಂದು ಪಾಠದಲ್ಲೂ ಬಿಡಿಸಿ ಹೇಳಿದರು. ನನ್ನ ಅಳತೆಗೋಲಿನಲ್ಲಿ ಗೆದ್ದದ್ದು ಇದೇ.

ಈಗ ಜೇವರ್ಗಿ ರಸ್ತೆಯ ಒಂದು ಮಹಡಿಯಲ್ಲಿ ಬೆಳಿಗ್ಗೆ ಆರಕ್ಕೆ ಹದಿನಾಲ್ಕು ಮಹಿಳೆಯರು ಸೇರುತ್ತಾರೆ, ಬಹುಪಾಲು ಮೊಣಕಾಲು ನೋವಿನವರು, ಆದ್ದರಿಂದ ಅರ್ಧ ಆಸನಗಳು ಕುರ್ಚಿಯ ಮೇಲೆಯೇ. ಕೂಡಿಸುವ ಮುಂಚೆ ಬಿ.ಪಿ. ನೋಡಿ, ಗಂಟು ಕಟ್ಟಿದ ಹಳೆಯ ವಾರ್ಡ್ ರಿಜಿಸ್ಟರ್‌ನಂಥದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಕೈ ಗಟ್ಟಿಯಿದ್ದು, ಹತ್ತಿರದಲ್ಲಿ ಆಯುರ್ವೇದ ಆಸ್ಪತ್ರೆಯಿದ್ದು, ಐವತ್ತರೊಳಗೆ ಸ್ವಯಂ ನಿವೃತ್ತಿ ಪಡೆಯುವ ನರ್ಸ್‌ಗಳಿಗೆ ಅಭ್ಯಂಗವನ್ನೇ ಹೇಳುತ್ತೇನೆ. ಉಳಿದವರು ಯೋಗಕ್ಕೆ ಹಣ ಕಟ್ಟಲಿ. ಆಕ್ಯುಪ್ರೆಶರ್‌ಗೆ ಎರಡು ಭಾನುವಾರ ಸಾಕು.